ಬಿಸಿ ಬೇರೆ, ಬಿರುಸು ಬೇರೆ: ರಾಸಾಯನಿಕ ಕ್ರಿಯೆಗಳ ಪಾಠದ ಒಂದು ವಿಮರ್ಶೆ

ಹತ್ತನೆಯ ತರಗತಿ ಮುಗಿಸಿದ ವಿದ್ಯಾರ್ಥಿಗಳ ಮುಂದೆ ಮೂರು ಕ್ರಿಯೆಗಳನ್ನು ಇಡಿ: ಸುಟ್ಟ ಸುಣ್ಣಕ್ಕೆ ನೀರು ಹಾಕುವುದು, ಇದ್ದಿಲು ಉರಿಯುವುದು, ಕಬ್ಬಿಣದ ಗೇಟು ತುಕ್ಕು ಹಿಡಿಯುವುದು. ಇವುಗಳಲ್ಲಿ ಬಹಿರುಷ್ಣಕ ಕ್ರಿಯೆಗಳು ಯಾವುವು ಎಂದು ಕೇಳಿ. ಮೊದಲ ಎರಡಕ್ಕೆ ಕೈಗಳು ಥಟ್ಟನೆ ಮೇಲೇಳುತ್ತವೆ. ಮೂರನೆಯದಕ್ಕೆ ಸಾಮಾನ್ಯವಾಗಿ ಬರುವ ಉತ್ತರ "ಅಲ್ಲ" ಎಂದೇ. ಕಾರಣ ಕೇಳಿದರೆ, "ಗೇಟು ಬಿಸಿ ಆಗೋದಿಲ್ಲವಲ್ಲ ಸಾರ್" ಎನ್ನುತ್ತಾರೆ.

ಉತ್ತರ ತಪ್ಪು, ಆದರೆ ತಪ್ಪು ವಿದ್ಯಾರ್ಥಿಗಳದ್ದಲ್ಲ. 56 ಗ್ರಾಮ್ ಕಬ್ಬಿಣ ಪೂರ್ತಿಯಾಗಿ ಫೆರಿಕ್ ಆಕ್ಸೈಡ್ ಆದರೆ ಸುಮಾರು 412 ಕಿಲೊಜೂಲ್ ಉಷ್ಣ ಹೊರಬರುತ್ತದೆ. 12 ಗ್ರಾಮ್ ಇಂಗಾಲ ಉರಿದು ಕಾರ್ಬನ್ ಡೈಆಕ್ಸೈಡ್ ಆದಾಗ ಬರುವುದು ಸುಮಾರು 394 ಕಿಲೊಜೂಲ್. ಅಂದರೆ ಪರಮಾಣುವಿಗೆ ಪರಮಾಣು ಹೋಲಿಸಿದರೆ ತುಕ್ಕು ಹಿಡಿಯುವ ಕಬ್ಬಿಣ ಉರಿಯುವ ಇದ್ದಿಲಿಗೆ ಏನೂ ಕಡಿಮೆಯಿಲ್ಲ. 412 ಕಿಲೊಜೂಲ್ ಉಷ್ಣದಿಂದ ಸುಮಾರು 1.3 ಲೀಟರ್ ನೀರನ್ನು 25 ಡಿಗ್ರಿ ಸೆಲ್ಸಿಯಸ್‌ನಿಂದ ಕುದಿಯುವ ಮಟ್ಟಕ್ಕೆ ತರಬಹುದು. ಆದರೆ ಗೇಟು ಒಂದು ವರ್ಷದಲ್ಲಿ ಅಷ್ಟು ಕಬ್ಬಿಣವನ್ನು ಕಳೆದುಕೊಂಡರೆ, ಆ ಉಷ್ಣ ಮೂರು ಕೋಟಿಗೂ ಹೆಚ್ಚು ಸೆಕೆಂಡುಗಳಲ್ಲಿ ಹಂಚಿಹೋಗುತ್ತದೆ. ಆಗ ಅದು ಒಂದು ವಾಟ್‌ನ ನೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಅಷ್ಟೆ. ಬೀಸುವ ಗಾಳಿ ಅದನ್ನು ಎಂದೋ ಒಯ್ದಿರುತ್ತದೆ.

ಚಳಿ ಪ್ರದೇಶಗಳಿಗೆ ಹೋಗುವವರು ಕೈಗವಸಿನೊಳಗೆ ಇಟ್ಟುಕೊಳ್ಳುವ ಪುಟ್ಟ ಶಾಖದ ಚೀಲವನ್ನು ಕೆಲವರಾದರೂ ನೋಡಿರಬಹುದು. ಅದರಲ್ಲಿರುವುದು ಮುಖ್ಯವಾಗಿ ನಯವಾದ ಕಬ್ಬಿಣದ ಪುಡಿ, ಉಪ್ಪು, ಇದ್ದಿಲ ಪುಡಿ ಮತ್ತು ಸ್ವಲ್ಪ ತೇವ. ಹೊದಿಕೆ ಹರಿದು ಗಾಳಿ ತಾಗಿದೊಡನೆ ಚೀಲ ಬಿಸಿಯಾಗತೊಡಗುತ್ತದೆ, ಗಂಟೆಗಟ್ಟಲೆ ಬಿಸಿಯಾಗಿಯೇ ಇರುತ್ತದೆ. ಒಳಗೆ ನಡೆಯುವುದು ಗೇಟಿನ ಮೇಲೆ ನಡೆಯುವ ತುಕ್ಕಿನ ಕ್ರಿಯೆಯೇ. ಗ್ರಾಮ್ ಒಂದಕ್ಕೆ ಬರುವ ಉಷ್ಣವೂ ಹೆಚ್ಚುಕಡಿಮೆ ಅಷ್ಟೇ. ಬದಲಾದದ್ದು ವೇಗ ಮಾತ್ರ.

ಕ್ರಿಯೆಯಲ್ಲಿ ಎಷ್ಟು ಶಕ್ತಿ ಹೊರಬೀಳುತ್ತದೆ ಎಂಬುದು ಒಂದು ಪ್ರಶ್ನೆ. ಕ್ರಿಯೆ ಎಷ್ಟು ಬೇಗ ನಡೆಯುತ್ತದೆ ಎಂಬುದು ಬೇರೆಯೇ ಪ್ರಶ್ನೆ. ನಮ್ಮ ತರಗತಿಗಳಲ್ಲಿ ಈ ಎರಡನ್ನೂ ಕಲಿಸುತ್ತೇವೆ, ಬೇರೆ ಬೇರೆ ಎಂಬುದನ್ನು ಮಾತ್ರ ಕಲಿಸುವುದಿಲ್ಲ.

ಇದಕ್ಕೆ ಪಠ್ಯದ ವಿನ್ಯಾಸವೂ ಸ್ವಲ್ಪ ಕಾರಣ. ಹತ್ತನೆಯ ತರಗತಿಯ ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕದ ಮೊದಲ ಅಧ್ಯಾಯದಲ್ಲಿ ಸುಣ್ಣ, ನೈಸರ್ಗಿಕ ಅನಿಲದ ದಹನ, ಉಸಿರಾಟ, ಕಾಂಪೋಸ್ಟ್ ಗೊಬ್ಬರವಾಗುವಿಕೆ ಇವೆಲ್ಲ ಬಹಿರುಷ್ಣಕ ಕ್ರಿಯೆಯ ಉದಾಹರಣೆಗಳಾಗಿ ಬರುತ್ತವೆ. ಉಸಿರಾಟವನ್ನು, ಗೊಬ್ಬರದ ಗುಂಡಿಯನ್ನು ಸೇರಿಸಿದ್ದು ಜಾಣತನದ ಆಯ್ಕೆ. ನಿಧಾನವಾಗಿ ನಡೆಯುವ ಬಹಿರುಷ್ಣಕ ಕ್ರಿಯೆಗಳೂ ಇವೆ ಎಂದು ಅಲ್ಲಿಯೇ ಹೇಳಬಹುದಿತ್ತು. ಆದರೆ ತುಕ್ಕು ಅದೇ ಅಧ್ಯಾಯದ ಕೊನೆಯಲ್ಲಿ ನಶಿಸುವಿಕೆ ಎಂಬ ಬೇರೆ ತಲೆಬರಹದ ಕೆಳಗೆ, ಕಮಟುವಿಕೆಯ ಪಕ್ಕದಲ್ಲಿ ಕುಳಿತಿದೆ. ಆಮೇಲೆ ಎಂಥಾಲ್ಪಿ, ಎಂಟ್ರೊಪಿ ಬರುವುದು ಹನ್ನೊಂದನೆಯ ತರಗತಿಯಲ್ಲಿ; ಕ್ರಿಯಾವೇಗ ಬರುವುದು ಹನ್ನೆರಡನೆಯದರಲ್ಲಿ. ನಡುವೆ ಒಂದು ವರ್ಷ, ಒಂದು ಪರೀಕ್ಷೆ, ಒಂದು ಬೇಸಿಗೆ ರಜೆ. ಹನ್ನೆರಡನೆಯ ತರಗತಿಯ ಪುಸ್ತಕದ ಕ್ರಿಯಾವೇಗದ ಅಧ್ಯಾಯ ವಜ್ರ ಗ್ರಾಫೈಟ್ ಆಗಬೇಕಾದರೂ ಆಗುತ್ತಿರುವುದು ನಮ್ಮ ಕಣ್ಣಿಗೆ ಕಾಣುವುದಿಲ್ಲ ಎಂಬ ಒಳ್ಳೆಯ ಮಾತಿನಿಂದಲೇ ಶುರುವಾಗುತ್ತದೆ. ಆದರೆ ಪ್ರಶ್ನೆಪತ್ರಿಕೆಗೆ ಆ ಪುಟ ಬೇಡ. ಅದಕ್ಕೆ ಬೇಕಾದದ್ದು "ಕ್ರಿಯಾವೇಗದ ಮೇಲೆ ಪ್ರಭಾವ ಬೀರುವ ಅಂಶಗಳನ್ನು ಪಟ್ಟಿಮಾಡಿ." ಸಾರತೆ, ತಾಪ, ಒತ್ತಡ, ಮೇಲ್ಮೈ ವಿಸ್ತೀರ್ಣ, ಕ್ರಿಯಾವರ್ಧಕ. ಐದು ಪದ, ಅಂಕಗಳು ಕೈಗೆ. ಇದರ ಜೊತೆಗೆ, ಕ್ರಿಯಾವರ್ಧಕಗಳ ಮೇಲ್ಮೈಯಲ್ಲಿ ಏನು ನಡೆಯುತ್ತದೆ ಎಂಬುದನ್ನು ವಿವರಿಸುತ್ತಿದ್ದ ಮೇಲ್ಮೈ ರಸಾಯನಶಾಸ್ತ್ರದ ಅಧ್ಯಾಯವನ್ನು 2022ರ ಪಠ್ಯ ಇಳಿಕೆಯಲ್ಲಿ ಕೈಬಿಡಲಾಯಿತು. ಹೊರೆ ಇಳಿಸಬೇಕಾದದ್ದು ನಿಜ. ಆದರೆ ಇಳಿಸಿದ್ದು ವಿವರಣೆಯನ್ನು, ಉಳಿಸಿದ್ದು ಪಟ್ಟಿಯನ್ನು.

ಉಷ್ಣವನ್ನೇ ಎಲ್ಲಕ್ಕೂ ಅಳತೆಗೋಲು ಎಂದು ಭಾವಿಸಿದವರಲ್ಲಿ ದೊಡ್ಡವರೂ ಇದ್ದರು. ಡೆನ್ಮಾರ್ಕಿನ ಯೂಲಿಯಸ್ ಥಾಮ್ಸೆನ್ 1854ರಲ್ಲಿ, ಅನಂತರ ಫ್ರಾನ್ಸಿನ ಮಾರ್ಸೆಲಿನ್ ಬರ್ತೆಲೊ, ಹೊರಬರುವ ಉಷ್ಣವೇ ರಾಸಾಯನಿಕ ಒಲವಿನ ಅಳತೆ ಎಂದು ವಾದಿಸಿದರು. ಬರ್ತೆಲೊ ಇದನ್ನು ಗರಿಷ್ಠ ಕಾರ್ಯದ ತತ್ತ್ವ ಎಂದು ಕರೆದ. ಹಾಗಿದ್ದರೆ ಉಷ್ಣವನ್ನು ಹೀರಿಕೊಳ್ಳುವ ಕ್ರಿಯೆ ತಾನಾಗಿ ನಡೆಯಲೇಬಾರದಲ್ಲ? ಆದರೆ ನಡೆಯುತ್ತದೆ. ಗಿಬ್ಸ್ ಮತ್ತು ಹೆಲ್ಮ್‌ಹೋಲ್ಟ್ಸ್‌ರ ಕೆಲಸದಿಂದ, ಕ್ರಿಯೆ ಯಾವ ದಿಕ್ಕಿಗೆ ಸಾಗುತ್ತದೆ ಎಂಬುದನ್ನು ನಿರ್ಧರಿಸುವುದು ಬರೀ ಉಷ್ಣವಲ್ಲ, ಎಂಟ್ರೊಪಿಯನ್ನೂ ಲೆಕ್ಕಕ್ಕೆ ಹಿಡಿದ ಮುಕ್ತಶಕ್ತಿ ಎಂಬುದು ಸ್ಪಷ್ಟವಾಯಿತು. ಹಾಗಾಗಿ ಕರಾರುವಾಕ್ಕಾಗಿ ಹೇಳಿದರೆ ಪ್ರಶ್ನೆಗಳು ಎರಡಲ್ಲ, ಮೂರು: ಎಷ್ಟು ಉಷ್ಣ, ಯಾವ ದಿಕ್ಕು, ಎಷ್ಟು ವೇಗ.

ಇದನ್ನು ಪುಸ್ತಕವಿಲ್ಲದೆಯೇ ತೋರಿಸಬಹುದು. ಕಿರಾಣಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪನ್ನು, ಅಂದರೆ ಸಿಟ್ರಿಕ್ ಆಮ್ಲವನ್ನು, ನೀರಿನಲ್ಲಿ ಕರಗಿಸಿ ಕೋಣೆಯ ತಾಪಕ್ಕೆ ಬರುವವರೆಗೆ ಬಿಡಿ. ತಾಪಮಾಪಕವನ್ನು ಅದ್ದಿ, ಎರಡು ಮೂರು ಚಮಚ ಅಡುಗೆ ಸೋಡಾ ಹಾಕಿ. ಬುಸ್ಸೆಂದು ನೊರೆ ಏಳುತ್ತದೆ. ಅದೇ ಹೊತ್ತಿಗೆ ಪಾದರಸ ಕೆಳಗಿಳಿಯುತ್ತದೆ. ಕ್ರಿಯೆ ಬಿರುಸಾಗಿದೆ, ಆದರೆ ತಣ್ಣಗಿದೆ. ಇನ್ನೊಂದು ತುದಿಯ ಉದಾಹರಣೆ ಹೈಡ್ರೊಜನ್ ಮತ್ತು ಆಕ್ಸಿಜನ್‌ಗಳ ಮಿಶ್ರಣ. ಒಂದು ಮೋಲ್ ನೀರು ಉಂಟಾದರೆ 286 ಕಿಲೊಜೂಲ್ ಬಿಡುಗಡೆಯಾಗಬೇಕು. ಆದರೂ ಕಿಡಿ ತಾಗದಿದ್ದರೆ, ಕೋಣೆಯ ತಾಪದಲ್ಲಿ ಆ ಮಿಶ್ರಣ ವರ್ಷಗಟ್ಟಲೆ ಸುಮ್ಮನೆ ಇರುತ್ತದೆ. ಜರ್ಮನಿಯ ಡೋಬೆರೈನರ್ 1823ರಲ್ಲಿ ಗಾಳಿಯೊಡನೆ ಬೆರೆತ ಹೈಡ್ರೊಜನ್ನನ್ನು ಪ್ಲಾಟಿನಮ್ ಮೇಲೆ ಹಾಯಿಸಿದಾಗ ಅದು ತಾನಾಗಿಯೇ ಹೊತ್ತಿಕೊಂಡಿತು. ಈ ಎರಡು ಉದಾಹರಣೆಗಳನ್ನು ಒಂದೇ ಪೀರಿಯಡ್ಡಿನಲ್ಲಿ ಅಕ್ಕಪಕ್ಕ ಇಟ್ಟರೆ, ಅರ್ಧ ಗೊಂದಲ ಅಲ್ಲಿಯೇ ಕಳೆಯುತ್ತದೆ.

ಇನ್ನು ತಾಪದ ವಿಷಯ. ಗೈಡುಗಳಲ್ಲಿ, ಮಾದರಿ ಉತ್ತರಗಳಲ್ಲಿ, ನಮ್ಮಲ್ಲಿ ಹಲವರ ಬಾಯಲ್ಲಿಯೂ ಬರುವ ವಾಕ್ಯ ಇದು: ತಾಪ ಏರಿದರೆ ಅಣುಗಳು ವೇಗವಾಗಿ ಚಲಿಸುತ್ತವೆ, ಡಿಕ್ಕಿಗಳ ಸಂಖ್ಯೆ ಹೆಚ್ಚುತ್ತದೆ, ಆದ್ದರಿಂದ ಕ್ರಿಯಾವೇಗ ಹೆಚ್ಚುತ್ತದೆ. ಇದರ ಮೊದಲ ಭಾಗ ನಿಜ, ಎರಡನೆಯದೂ ನಿಜ, ಕೊನೆಯದೂ ನಿಜ. ಸುಳ್ಳಾಗಿರುವುದು "ಆದ್ದರಿಂದ" ಎಂಬ ಒಂದೇ ಪದ.

ಲೆಕ್ಕ ಮಾಡಿ ನೋಡೋಣ. ಅನಿಲದಲ್ಲಿ ಅಣುಗಳ ಸರಾಸರಿ ವೇಗ ಕೆಲ್ವಿನ್ ತಾಪದ ವರ್ಗಮೂಲಕ್ಕೆ ಅನುಗುಣವಾಗಿ ಏರುತ್ತದೆ. ತಾಪ 25 ಡಿಗ್ರಿಯಿಂದ 35 ಡಿಗ್ರಿಗೆ, ಅಂದರೆ 298 ಕೆಲ್ವಿನ್‌ನಿಂದ 308 ಕೆಲ್ವಿನ್‌ಗೆ ಏರಿದರೆ, ಅಣುಗಳ ವೇಗವೂ ಡಿಕ್ಕಿಗಳ ಸಂಖ್ಯೆಯೂ ಹೆಚ್ಚುವುದು ಶೇಕಡಾ 1.7ರಷ್ಟು ಮಾತ್ರ. ಆದರೆ ಅದೇ ಪಾಠದ ಮುಂದಿನ ಸಾಲಿನಲ್ಲಿ, 10 ಡಿಗ್ರಿ ಏರಿದರೆ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂದಿರುತ್ತದೆ. ಶೇಕಡಾ 1.7 ಎಲ್ಲಿ, ಶೇಕಡಾ 100 ಎಲ್ಲಿ? ಒಂದೇ ಪುಟದ ಎರಡು ಸಾಲುಗಳು ಹೀಗೆ ಪರಸ್ಪರ ಜಗಳವಾಡುತ್ತಿದ್ದರೂ ಯಾರೂ ಬಿಡಿಸಲು ಹೋಗುವುದಿಲ್ಲ.

ಬಿಡಿಸಿದವನು ಸ್ವೀಡನ್ನಿನ ಸ್ವಾಂಟೆ ಅರ್‍ಹೇನಿಯಸ್, 1889ರಲ್ಲಿ. ಆಮ್ಲದ ಸಮ್ಮುಖದಲ್ಲಿ ಸಕ್ಕರೆ ಒಡೆಯುವ ಕ್ರಿಯೆ ಅವನ ಮುಂದಿದ್ದ ಉದಾಹರಣೆ. ಇದರ ವೇಗವನ್ನು 1850ರಲ್ಲಿಯೇ ವಿಲ್‌ಹೆಲ್ಮಿ ಅಳೆದಿದ್ದ. ಎಲ್ಲ ಅಣುಗಳೂ ಕ್ರಿಯೆಗೆ ಸಿದ್ಧವಾಗಿರುವುದಿಲ್ಲ. ಒಂದು ಕನಿಷ್ಠ ಶಕ್ತಿಯನ್ನು ಪಡೆದವು ಮಾತ್ರ ಸಿದ್ಧ. ತಾಪ ಏರಿದಾಗ ಬೆಳೆಯುವುದು ಮುಖ್ಯವಾಗಿ ಅಂಥವುಗಳ ಪಾಲು ಎಂದು ಅವನು ವಿವರಿಸಿದ. ಆ ಕನಿಷ್ಠ ಮಟ್ಟವೇ ಸಕ್ರಿಯಣ ಶಕ್ತಿ. ಇದು ಮೋಲ್‌ಗೆ 53 ಕಿಲೊಜೂಲ್ ಇರುವ ಒಂದು ಕ್ರಿಯೆಯನ್ನು ತೆಗೆದುಕೊಳ್ಳಿ. 25 ಡಿಗ್ರಿಯಲ್ಲಿ ಸಾವಿರ ಕೋಟಿ ಡಿಕ್ಕಿಗಳಲ್ಲಿ ಸುಮಾರು ಐದಕ್ಕೆ ಮಾತ್ರ ಅಷ್ಟು ಶಕ್ತಿ ಇರುತ್ತದೆ. 35 ಡಿಗ್ರಿಯಲ್ಲಿ ಹತ್ತಕ್ಕೆ. ಡಿಕ್ಕಿಗಳು ಹೆಚ್ಚಾಗಿದ್ದರಿಂದಲ್ಲ, ಫಲ ಕೊಡುವ ಡಿಕ್ಕಿಗಳ ಪಾಲು ಇಮ್ಮಡಿಯಾಗಿದ್ದರಿಂದ ವೇಗ ಇಮ್ಮಡಿಯಾಯಿತು. ಸಾವಿರ ಕೋಟಿಯಲ್ಲಿ ಐದು ಎಂಬ ಸಂಖ್ಯೆಯನ್ನು ಕೇಳಿದ ವಿದ್ಯಾರ್ಥಿ ಅದನ್ನು ಬೇಗ ಮರೆಯಲಾರ. ನಮ್ಮ ಪಾಠದಲ್ಲಿ ಸೂತ್ರ ಇದೆ, ಲಾಗರಿತಮ್ ಇದೆ, ಈ ಸಂಖ್ಯೆ ಮಾತ್ರ ಇಲ್ಲ.

ಹತ್ತು ಡಿಗ್ರಿಯ ನಿಯಮವೂ ನಿಯಮವಲ್ಲ. ಅದು ಕೋಣೆಯ ತಾಪದ ಆಸುಪಾಸಿನಲ್ಲಿ, ಸಕ್ರಿಯಣ ಶಕ್ತಿ 50ರ ಆಚೀಚೆ ಇರುವ ಕ್ರಿಯೆಗಳಿಗೆ ಹೊಂದುವ ಒಂದು ಅಂದಾಜು. ಸಕ್ರಿಯಣ ಶಕ್ತಿ 100 ಕಿಲೊಜೂಲ್ ಇದ್ದರೆ ಅದೇ ಹತ್ತು ಡಿಗ್ರಿಗೆ ವೇಗ 3.7 ಪಟ್ಟು ಆಗುತ್ತದೆ. 25 ಇದ್ದರೆ 1.4 ಪಟ್ಟು ಮಾತ್ರ. 53 ಕಿಲೊಜೂಲ್‌ನ ಕ್ರಿಯೆಯನ್ನೇ 527 ಡಿಗ್ರಿಯಿಂದ 537 ಡಿಗ್ರಿಗೆ ಏರಿಸಿದರೆ ವೇಗದ ಹೆಚ್ಚಳ ಶೇಕಡಾ 10ರಷ್ಟು. ನೈಟ್ರಿಕ್ ಆಕ್ಸೈಡ್ ಆಕ್ಸಿಜನ್‌ನೊಡನೆ ಸೇರಿ ನೈಟ್ರೊಜನ್ ಡೈಆಕ್ಸೈಡ್ ಆಗುವ ಕ್ರಿಯೆಯಂತೂ ತಾಪ ಏರಿದಂತೆ ನಿಧಾನವಾಗುತ್ತದೆ! ಇನ್ನು ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಇಡ್ಲಿ ಹಿಟ್ಟು ಉಬ್ಬಲು ತಡಮಾಡುವುದನ್ನು ಈ ನಿಯಮಕ್ಕೆ ಉದಾಹರಣೆಯಾಗಿ ಕೊಡುವವರಿದ್ದಾರೆ. ಕೊಡಬಹುದು. ಆದರೆ ಅಲ್ಲಿ ಇರುವುದು ಜೀವಿಗಳು ಮತ್ತು ಕಿಣ್ವಗಳು. ಒಂದು ಮಿತಿ ದಾಟಿ ಬಿಸಿಮಾಡಿದರೆ ಹಿಟ್ಟು ಇನ್ನೂ ಬೇಗ ಉಬ್ಬುವುದಿಲ್ಲ, ಉಬ್ಬುವುದೇ ನಿಲ್ಲುತ್ತದೆ ಎಂಬುದನ್ನೂ ಜೊತೆಗೆ ಹೇಳಬೇಕು.

ತಮಾಷೆಯೆಂದರೆ, ಮೇಲಿನ ತಪ್ಪು ವಾಕ್ಯವನ್ನು ಸುಳ್ಳಾಗಿಸುವ ಪ್ರಯೋಗ ನಮ್ಮ ಪ್ರಯೋಗಾಲಯಗಳಲ್ಲಿಯೇ ಇದೆ. ಸೋಡಿಯಮ್ ಥಯೋಸಲ್ಫೇಟ್ ದ್ರಾವಣಕ್ಕೆ ಆಮ್ಲ ಸೇರಿಸಿ, ಕೆಳಗಿನ ಕಾಗದದ ಮೇಲಿರುವ ಗುರುತು ಗಂಧಕದ ಮಬ್ಬಿನಲ್ಲಿ ಮರೆಯಾಗುವವರೆಗಿನ ಸಮಯವನ್ನು ಅಳೆಯುತ್ತಾರೆ. ಹತ್ತು ಡಿಗ್ರಿ ಏರಿಸಿದಾಗ ಈ ಸಮಯ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ದ್ರಾವಣದಲ್ಲಿ ಅಣುಗಳು ಎದುರಾಗುವ ಲೆಕ್ಕ ಅನಿಲದ ಲೆಕ್ಕದಂತಲ್ಲ, ಒಪ್ಪೋಣ. ಆದರೆ ಅಲ್ಲಿಯೂ ಡಿಕ್ಕಿಗಳ ಸಂಖ್ಯೆಯೊಂದರಿಂದಲೇ ಇಷ್ಟು ದೊಡ್ಡ ಬದಲಾವಣೆ ಬರುವುದಿಲ್ಲ. ವಿದ್ಯಾರ್ಥಿ ಅಂಕಿಗಳನ್ನು ಬರೆದುಕೊಳ್ಳುತ್ತಾನೆ, "ತಾಪ ಹೆಚ್ಚಿದಂತೆ ವೇಗ ಹೆಚ್ಚುತ್ತದೆ" ಎಂಬ ತೀರ್ಮಾನ ಬರೆದು ರೆಕಾರ್ಡ್ ಮುಚ್ಚುತ್ತಾನೆ. ಎಷ್ಟು ಹೆಚ್ಚಿತು, ಏಕೆ ಅಷ್ಟು ಹೆಚ್ಚಿತು ಎಂದು ಅವನನ್ನು ಯಾರೂ ಕೇಳುವುದಿಲ್ಲ. (ಈ ಪ್ರಯೋಗದಲ್ಲಿ ಸಲ್ಫರ್ ಡೈಆಕ್ಸೈಡ್ ಹೊರಬರುತ್ತದೆ. ದ್ರಾವಣವನ್ನು ಹೆಚ್ಚು ಬಿಸಿಮಾಡಬಾರದು, ಕಿಟಕಿಗಳು ತೆರೆದಿರಲಿ.)

ಕ್ರಿಯಾವರ್ಧಕದ ಪಾಠದಲ್ಲಿ ಒಂದು ಗುಡ್ಡದ ಚಿತ್ರ ಇರುತ್ತದೆ. ಎತ್ತರದ ಗೆರೆ ಕ್ರಿಯಾವರ್ಧಕ ಇಲ್ಲದಾಗ, ತಗ್ಗಿನ ಗೆರೆ ಇದ್ದಾಗ. ಕ್ರಿಯಾವರ್ಧಕ ಬೇರೊಂದು ಮಾರ್ಗವನ್ನು ಒದಗಿಸಿ ಸಕ್ರಿಯಣ ಶಕ್ತಿಯನ್ನು ಇಳಿಸುತ್ತದೆ ಎಂದು ಎನ್‌ಸಿಇಆರ್‌ಟಿ ಪುಸ್ತಕ ಹೇಳುತ್ತದೆ. ಮಕ್ಕಳ ನೆನಪಿನಲ್ಲಿ ಉಳಿಯುವುದು ಎರಡನೆಯ ಅರ್ಧ: ಗುಡ್ಡ ಕುಸಿಯಿತು. ನಿಜದಲ್ಲಿ ಗುಡ್ಡಕ್ಕೆ ಏನೂ ಆಗುವುದಿಲ್ಲ. ಹಾಸನದಿಂದ ಮಂಗಳೂರಿಗೆ ಶಿರಾಡಿ ಘಾಟಿಯಲ್ಲೂ ಇಳಿಯಬಹುದು, ಬೇಲೂರು ಮೂಡಿಗೆರೆಗಳ ಮೇಲೆ ಹೋಗಿ ಚಾರ್ಮಾಡಿಯಲ್ಲೂ ಇಳಿಯಬಹುದು. ಒಂದು ದಾರಿ ತೆರೆದರೆ ಇನ್ನೊಂದು ತಗ್ಗುವುದಿಲ್ಲ. ಯಾವ ದಾರಿಯಲ್ಲಿ ಹೋದರೂ ಹಾಸನಕ್ಕೂ ಮಂಗಳೂರಿಗೂ ಇರುವ ಎತ್ತರದ ಅಂತರ ಅಷ್ಟೇ. ಸುಲಭದ ದಾರಿ ಇಳಿಯುವವರಿಗೂ ಸುಲಭ, ಹತ್ತುವವರಿಗೂ ಸುಲಭ. ಆದ್ದರಿಂದಲೇ ಕ್ರಿಯಾವರ್ಧಕ ಮುಮ್ಮುಖ, ಹಿಮ್ಮುಖ ಕ್ರಿಯೆಗಳೆರಡನ್ನೂ ಚುರುಕುಗೊಳಿಸುತ್ತದೆ, ಸಮತೋಲದ ಸ್ಥಾನವನ್ನು ಬದಲಿಸುವುದಿಲ್ಲ.

"ಕ್ರಿಯಾವರ್ಧಕ ಕ್ರಿಯೆಯಲ್ಲಿ ಭಾಗವಹಿಸುವುದಿಲ್ಲ" ಎಂಬ ಗೈಡಿನ ವಾಕ್ಯವನ್ನಂತೂ ಅಳಿಸಿಹಾಕಬೇಕು. ಭಾಗವಹಿಸದೆ ಹೊಸ ದಾರಿ ಎಲ್ಲಿಂದ ಬರುತ್ತದೆ? ಹೈಡ್ರೊಜನ್ ಪೆರಾಕ್ಸೈಡ್ ತಾನಾಗಿ ಒಡೆಯುವಾಗ ಸಕ್ರಿಯಣ ಶಕ್ತಿ ಸುಮಾರು 75 ಕಿಲೊಜೂಲ್. ಅಯೊಡೈಡ್ ಅಯಾನು ಇದ್ದರೆ ಸುಮಾರು 57. ಅಂತರ 18 ಮಾತ್ರ. ಆದರೆ ಕೋಣೆಯ ತಾಪದಲ್ಲಿ ಈ ಅಂತರವೊಂದೇ ವೇಗವನ್ನು ಸಾವಿರ ಪಟ್ಟಿಗೂ ಮಿಕ್ಕಿ ಹೆಚ್ಚಿಸಬಲ್ಲದು. ಅಲ್ಲಿ ಅಯೊಡೈಡ್ ಮೊದಲ ಹಂತದಲ್ಲಿ ಪೆರಾಕ್ಸೈಡ್‌ನಿಂದ ಆಕ್ಸಿಜನ್ ಪಡೆದು ಹೈಪೊಅಯೊಡೈಟ್ ಆಗುತ್ತದೆ, ಎರಡನೆಯ ಹಂತದಲ್ಲಿ ಮತ್ತೊಂದು ಪೆರಾಕ್ಸೈಡ್ ಅಣುವಿನೊಡನೆ ವರ್ತಿಸಿ ಮತ್ತೆ ಅಯೊಡೈಡ್ ಆಗುತ್ತದೆ. ಭಾಗವಹಿಸಿದೆ, ಹಿಂತಿರುಗಿಯೂ ಬಂದಿದೆ. ಮೋಲ್ ಒಂದಕ್ಕೆ ಹೊರಬರುವ ಉಷ್ಣ ಮಾತ್ರ ಎರಡು ದಾರಿಗಳಲ್ಲೂ ಸುಮಾರು 98 ಕಿಲೊಜೂಲ್. ಔಷಧದಂಗಡಿಯ ಪೆರಾಕ್ಸೈಡ್‌ಗೆ ಹಸಿ ಆಲೂಗೆಡ್ಡೆಯ ಚೂರು ಹಾಕಿದರೂ ಇಂಥದೇ ನೊರೆ ಏಳುತ್ತದೆ. ಅಲ್ಲಿ ದಾರಿ ತೋರಿಸುವುದು ಕೆಟಲೇಸ್ ಎಂಬ ಕಿಣ್ವ.

ಪಟ್ಟಿಯ ಉಳಿದ ಅಂಶಗಳಿಗೆ ಒಂದೊಂದು ಮಾತು ಸಾಕು. ಸಾರತೆ ಹೆಚ್ಚಿದರೆ ವೇಗ ಹೆಚ್ಚಲೇಬೇಕೆಂದಿಲ್ಲ. ಆಮ್ಲದ ಸಮ್ಮುಖದಲ್ಲಿ ಅಸಿಟೋನ್ ಮತ್ತು ಅಯೊಡಿನ್ ವರ್ತಿಸುವಾಗ ಅಯೊಡಿನ್ನಿನ ಸಾರತೆಯನ್ನು ಇಮ್ಮಡಿಸಿದರೂ ವೇಗ ಅಷ್ಟೇ ಇರುತ್ತದೆ. ನಿಧಾನದ ಹಂತದಲ್ಲಿ ಅಯೊಡಿನ್ನಿಗೆ ಪಾತ್ರವಿಲ್ಲ. ಒತ್ತಡ ಎಂಬುದು ಅನಿಲಗಳ ಮಟ್ಟಿಗೆ ಸಾರತೆಯ ಇನ್ನೊಂದು ಹೆಸರು. ಪಾತ್ರೆಯ ಗಾತ್ರ ಬದಲಿಸದೆ ಆರ್ಗಾನ್ ತುಂಬಿ ಒಟ್ಟು ಒತ್ತಡ ಏರಿಸಿದರೆ ವೇಗ ಏರುವುದಿಲ್ಲ. ಮೇಲ್ಮೈ ವಿಸ್ತೀರ್ಣಕ್ಕೆ ಗೇಟು ಮತ್ತು ಶಾಖದ ಚೀಲದ ಉದಾಹರಣೆಯೇ ಸಾಕಾದೀತು.

ಶಕ್ತಿಯ ಕಡೆಯ ಪಾಠದಲ್ಲಿಯೂ ಒಂದು ಮುಳ್ಳಿದೆ, ಅದು ಬರುವುದು ಪಕ್ಕದ ತರಗತಿಯಿಂದ. ರಸಾಯನಶಾಸ್ತ್ರದ ಪೀರಿಯಡ್‌ನಲ್ಲಿ, ಬಂಧ ಒಡೆಯಲು ಶಕ್ತಿ ಬೇಕು ಎಂದು ಕಲಿಸುತ್ತೇವೆ. ಮುಂದಿನ ಜೀವಶಾಸ್ತ್ರದ ಪೀರಿಯಡ್‌ನಲ್ಲಿ, ಎಟಿಪಿಯ ಫಾಸ್ಫೇಟ್ ಬಂಧದಲ್ಲಿ ಶಕ್ತಿ ಸಂಗ್ರಹವಾಗಿದೆ, ಬಂಧ ಒಡೆದಾಗ ಅದು ಬಿಡುಗಡೆಯಾಗುತ್ತದೆ ಎಂದು ಕೇಳುತ್ತಾರೆ. ವಿದ್ಯಾರ್ಥಿಗಳು ಎರಡನ್ನೂ ಬಾಯಿಪಾಠ ಮಾಡಿ, ಎರಡಕ್ಕೂ ಅಂಕ ಪಡೆಯುತ್ತಾರೆ. 1941ರಲ್ಲಿ ಫ್ರಿಟ್ಸ್ ಲಿಪ್‌ಮನ್ ಬಳಕೆಗೆ ತಂದ "ಅಧಿಕ ಶಕ್ತಿಯ ಬಂಧ" ಎಂಬ ಮಾತು ಈ ಗೊಂದಲದ ಮೂಲ. ಅವನ ಉದ್ದೇಶ ಬಂಧದ ಬಲವನ್ನು ಹೇಳುವುದಾಗಿರಲಿಲ್ಲ. ನೀರಿನೊಡನೆ ಎಟಿಪಿ ವರ್ತಿಸುವಾಗ ಬಂಧಗಳು ಒಡೆಯುತ್ತವೆ, ಹೊಸ ಬಂಧಗಳು ಮೂಡುತ್ತವೆ, ಉತ್ಪನ್ನಗಳು ನೀರಿನಲ್ಲಿ ಹೆಚ್ಚು ಸ್ಥಿರವಾಗಿ ನೆಲೆಗೊಳ್ಳುತ್ತವೆ. ಈ ಎಲ್ಲದರ ನಿವ್ವಳವೇ ಮೋಲ್‌ಗೆ ಸುಮಾರು 30 ಕಿಲೊಜೂಲ್ ಮುಕ್ತಶಕ್ತಿ.

ಇದನ್ನು ಮೊದಲೇ ಸರಳ ಲೆಕ್ಕದಲ್ಲಿ ಕಲಿಸಿದ್ದರೆ ಚೆನ್ನಾಗಿತ್ತು. ಎರಡು ಮೋಲ್ ಹೈಡ್ರೊಜನ್, ಒಂದು ಮೋಲ್ ಆಕ್ಸಿಜನ್. ಬಂಧಗಳನ್ನು ಒಡೆಯಲು 436ರ ಎರಡರಷ್ಟು ಮತ್ತು 498, ಒಟ್ಟು 1370 ಕಿಲೊಜೂಲ್ ಖರ್ಚು. ಆಕ್ಸಿಜನ್ ಹೈಡ್ರೊಜನ್ ನಡುವಿನ ನಾಲ್ಕು ಬಂಧಗಳು ಮೂಡಿದಾಗ 463ರ ನಾಲ್ಕರಷ್ಟು, ಅಂದರೆ 1852 ಆದಾಯ. ಉಳಿತಾಯ 482. ಪ್ರಯೋಗದಲ್ಲಿ ನೀರಾವಿಗೆ ಸಿಗುವುದು 484. ಖರ್ಚಿಲ್ಲದೆ ಆದಾಯವಿಲ್ಲ ಎಂಬುದೂ, ಮೊದಲ ಖರ್ಚಿಗೆ ಕಿಡಿ ಏಕೆ ಬೇಕು ಎಂಬುದೂ ಒಟ್ಟಿಗೆ ತಿಳಿಯುತ್ತವೆ. ಆದರೆ ಸಕ್ರಿಯಣ ಶಕ್ತಿ ಎಂದರೆ ಈ 1370 ಎಂದು ತಿಳಿಯುವ ಅಪಾಯವೂ ಇದೆ. ಹಳೆಯ ಬಂಧ ಸಡಿಲವಾಗುತ್ತಿರುವಾಗಲೇ ಹೊಸದು ಮೂಡತೊಡಗುವುದರಿಂದ ನಿಜವಾದ ತಡೆ ಅದಕ್ಕಿಂತ ಬಹಳ ಕಡಿಮೆ.

ಮೂರು ಪ್ರಶ್ನೆಗಳನ್ನೂ ಒಂದೇ ಕಡೆ ಕೇಳಬೇಕಾದ ಪಾಠ ಒಂದಿದೆ: ಅಮೋನಿಯದ ತಯಾರಿಕೆ. ಪಣಂಬೂರಿನ ಗೊಬ್ಬರ ಕಾರ್ಖಾನೆಯೂ ಸೇರಿದಂತೆ ಯೂರಿಯಾ ಮಾಡುವಲ್ಲೆಲ್ಲ ನಡೆಯುವ ಕ್ರಿಯೆ ಇದು. ಎರಡು ಮೋಲ್ ಅಮೋನಿಯಕ್ಕೆ 92 ಕಿಲೊಜೂಲ್ ಹೊರಬರುತ್ತದೆ. ಆದ್ದರಿಂದ ತಾಪ ಕಡಿಮೆಯಿದ್ದಷ್ಟೂ ಸಮತೋಲದಲ್ಲಿ ಅಮೋನಿಯ ಹೆಚ್ಚು. 200 ವಾಯುಮಂಡಲ ಒತ್ತಡದಲ್ಲಿ, 400 ಡಿಗ್ರಿಯಲ್ಲಿ ಮೂರರಲ್ಲಿ ಒಂದು ಪಾಲಿಗೂ ಹೆಚ್ಚಿದ್ದದ್ದು 500 ಡಿಗ್ರಿಯಲ್ಲಿ ಐದರಲ್ಲಿ ಒಂದಕ್ಕಿಂತ ಕಡಿಮೆಯಾಗುತ್ತದೆ. ಆದರೆ ತಾಪವನ್ನು ತೀರಾ ಇಳಿಸಿದರೆ ಕಬ್ಬಿಣದ ಕ್ರಿಯಾವರ್ಧಕ ಇದ್ದರೂ ಕ್ರಿಯೆ ತೆವಳುತ್ತದೆ. ಸುಮಾರು 450 ಡಿಗ್ರಿ ಎಂಬುದು ಇಬ್ಬರು ಯಜಮಾನರ ನಡುವಿನ ಒಪ್ಪಂದ. 1913ರಲ್ಲಿ ಜರ್ಮನಿಯ ಒಪ್ಪೌನಲ್ಲಿ ಕಾರ್ಖಾನೆ ಶುರುವಾಯಿತು. ಆ ಕಬ್ಬಿಣದ ಮೇಲ್ಮೈಯಲ್ಲಿ ನೈಟ್ರೊಜನ್ ಅಣು ಹೇಗೆ ಬಿಡಿ ಪರಮಾಣುಗಳಾಗುತ್ತದೆ ಎಂಬುದನ್ನು ಹಂತಹಂತವಾಗಿ ತೋರಿಸಿದ ಕೆಲಸವೂ ಸೇರಿದಂತೆ, ಮೇಲ್ಮೈ ಕ್ರಿಯೆಗಳ ಅಧ್ಯಯನಕ್ಕಾಗಿ ಗೆರ್‍ಹಾರ್ಡ್ ಎರ್ಟ್ಲ್‌ಗೆ 2007ರಲ್ಲಿ ನೊಬೆಲ್ ಬಂತು. ಪಠ್ಯದಿಂದ ಕೈಬಿಟ್ಟದ್ದು ಈ ಭಾಗವನ್ನೇ.

ಪಠ್ಯ ಬದಲಾಗುವವರೆಗೆ ಕಾಯಬೇಕಿಲ್ಲ. ಪ್ರಶ್ನೆಪತ್ರಿಕೆ ಬರೆಯುವ ಉಪಾಧ್ಯಾಯರು ಅಂಶಗಳ ಪಟ್ಟಿಯ ಬದಲಿಗೆ ಎರಡು ಅಂಕಕ್ಕೆ ಹೀಗೆ ಕೇಳಬಹುದು: ಕಬ್ಬಿಣದ ಗೇಟು ತುಕ್ಕು ಹಿಡಿಯುವಾಗ ಉಷ್ಣ ಹೊರಬರುತ್ತದೆ, ಹಾಗಿದ್ದರೂ ಮುಟ್ಟಿದರೆ ಅದು ಏಕೆ ಬಿಸಿಯಿರುವುದಿಲ್ಲ? ಒಂದು ಅಂಕ ವೇಗಕ್ಕೆ, ಒಂದು ಅಂಕ ಆ ಉಷ್ಣ ಎಲ್ಲಿ ಹೋಯಿತು ಎಂಬುದಕ್ಕೆ. ಮೌಲ್ಯಮಾಪಕರಿಗೆ ಕೊಡುವ ಮಾದರಿ ಉತ್ತರದಲ್ಲಿ ಒಂದು ಸೂಚನೆಯೂ ಇರಲಿ: ವಿದ್ಯಾರ್ಥಿ ತನ್ನ ಮಾತಿನಲ್ಲಿ ಬರೆದಿದ್ದರೆ ಪೂರ್ಣ ಅಂಕ ಕೊಡುವುದು.